ತಂಗಿಯ ಕಿವಿಹಿಂದಿನ ಬೆಳ್ಳಿ

ಆಳಂದದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದೇನೆ. ಚೆನ್ನಾಗಿಯೇ ಹೇಳುತ್ತೇನೆ. ಜಂಬಕ್ಕೆ ಈ ಮಾತು ಎತ್ತುತ್ತಿಲ್ಲ. ಮುಂದೆ ಬರೆಯುವ ತಪ್ಪನ್ನು ಏನೂ ಓದದವನು ಮಾಡಿದ್ದರೆ ಪಾಪ, ಗೊತ್ತಾಗಲಿಲ್ಲ ಎಂದು ಬಿಟ್ಟುಬಿಡಬಹುದಿತ್ತು. ಅದನ್ನು ನಾನು ಮಾಡಿದೆ. ಅದಕ್ಕೇ ನೆನೆದಾಗಲೆಲ್ಲ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ನನ್ನ ತಂಗಿ ನನಗಿಂತ ಆರು ವರ್ಷ ಸಣ್ಣವಳು. ನಾವು ಹುಟ್ಟಿ ಬೆಳೆದದ್ದು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಗೆ ಹತ್ತಿರ. ಮೂರನೇ ವರ್ಷಕ್ಕೇ ಅವಳ ಎರಡೂ ಕಿವಿ ಸೋರತೊಡಗಿದವು. ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು, ಅರಳೆ ತುರುಕಿದಳು, ಜಾತ್ರೆಯಲ್ಲಿ ಕೂತ ವೈದ್ಯರನ್ನೆಲ್ಲ ಕೇಳಿದಳು. ಆ ಅರಳೆಗೆ ಒಂದು ವಾಸನೆ ಇತ್ತು. ಶಾಲೆಯಲ್ಲಿ ಅವಳು ನನ್ನ ತಂಗಿ ಎಂದು ನಾನಾಗಿ ಯಾರಿಗೂ ಹೇಳಿದವನಲ್ಲ. ಯಾರಾದರೂ ಕೇಳಿದರೆ ನಮ್ಮ ಓಣಿಯವಳು ಅನ್ನುತ್ತಿದ್ದೆ. ಅವಳಿಗೆ ಅದು ಕೇಳಿಸುವುದಿಲ್ಲ ಅಂದುಕೊಂಡಿದ್ದೆ, ಆದರೆ ಆಗಿನ್ನೂ ಅವಳಿಗೆ ಸಾಕಷ್ಟು ಕೇಳಿಸುತ್ತಿತ್ತು.

ಅವಳನ್ನು ಜೇವರ್ಗಿ ತಾಲೂಕಿನಲ್ಲಿ, ನೆಲೋಗಿ ಬಸ್ಸು ಹೋಗುವ ಹಾದಿಯ ಒಂದು ಊರಿಗೆ ಕೊಟ್ಟೆವು. ಗಂಡನದು ಹಿಟ್ಟಿನ ಗಿರಣಿ. ಗಿರಣಿಯವನಿಗೆ ಮನೆಯಲ್ಲೂ ಕೂಗಿಯೇ ಮಾತಾಡುವ ರೂಢಿ, ಹಾಗಾಗಿ ಗಂಡ ಹೆಂಡತಿಗೆ ಚೆನ್ನಾಗಿ ಹೊಂದಿತು. ಅವಳು ಅದೇ ಊರಿನ ಅಂಗನವಾಡಿಗೆ ಕಾರ್ಯಕರ್ತೆಯಾಗಿ ಸೇರಿದಳು. ಮಕ್ಕಳೆಂದರೆ ಅವಳಿಗೆ ಜೀವ. ಆದರೆ ಮೂವತ್ತೈದು ದಾಟುವಾಗ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಕಿವಿಯೊಳಗೆ ಇಡುವ ಮಿಷನ್ನು ಹಾಕಿದರೆ ಎರಡೇ ದಿನಕ್ಕೆ ಮತ್ತೆ ಸೋರುತ್ತಿತ್ತು. ದೊಡ್ಡವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಮಕ್ಕಳ ತುಟಿ ಒಂದು ಕಡೆ ನಿಲ್ಲುತ್ತದೆಯೇ? ಕಿವುಡಿಯ ಕೈಗೆ ಮಕ್ಕಳನ್ನು ಹೇಗೆ ಬಿಡುವುದು ಎಂದು ಊರಲ್ಲಿ ಗುಸುಗುಸು ಶುರುವಾಯಿತು.

ಆಗ ಹೈದರಾಬಾದಿನಲ್ಲಿ ಒಬ್ಬ ಡಾಕ್ಟರು ಬೇರೆ ದಾರಿ ಹೇಳಿದರು. ಕಿವಿಯೊಳಗಿನ ಪುಟ್ಟ ಎಲುಬುಗಳನ್ನು ಸೋಂಕು ತಿಂದು ಹಾಕಿತ್ತು. ಒಂದು ಬದಿಯಲ್ಲಿ ಉಳಿದಿದ್ದ ಎಲುಬಿಗೆ ಅವರು ಜೋಳದ ಕಾಳಿಗಿಂತ ಸಣ್ಣ ಯಂತ್ರವೊಂದನ್ನು ಕಚ್ಚಿಸಿದರು. ನಡುಗುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅದು ನಡುಗಿದರೆ ಎಲುಬು ನಡುಗುತ್ತದೆ, ಎಲುಬು ನಡುಗಿದರೆ ಕೇಳಿಸುತ್ತದೆ. ಒಳಗೆ ಸೆಲ್ಲಿಲ್ಲ, ಹೊರಗಿನಿಂದ ವೈರಿಲ್ಲ. ಕಿವಿಯ ಹಿಂದೆ ಚರ್ಮದ ಕೆಳಗೆ ಒಂದು ತಂತಿಯ ಸುರುಳಿ ಮಲಗಿರುತ್ತದೆ. ಚರ್ಮದ ಮೇಲೆ, ಕೂದಲಿನ ನಡುವೆ, ಒಂದು ಕರಿ ಗುಂಡಿ ಅಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. ಮೈಕು, ಸೆಲ್ಲು, ಇನ್ನೊಂದು ಸುರುಳಿ ಎಲ್ಲ ಆ ಗುಂಡಿಯಲ್ಲಿ. ಮೇಲಿನ ಸುರುಳಿಯಲ್ಲಿ ಕರೆಂಟು ಏರಿಳಿದರೆ ಕೆಳಗಿನದರಲ್ಲಿ ತಾನಾಗಿಯೇ ಕರೆಂಟು ಹುಟ್ಟುತ್ತದೆ, ನಡುವೆ ಇರುವ ಚರ್ಮಕ್ಕೆ ಅದು ತಿಳಿಯುವುದೂ ಇಲ್ಲ.

ಮೊದಲ ಸಲ ಗುಂಡಿ ಹಚ್ಚಿದ ದಿನ ನಾನು ಎದುರಿಗಿದ್ದೆ. ಡಾಕ್ಟರು ಕಾಗದ ಮಡಚಿದರು, ಅವಳು ತಿರುಗಿ ನೋಡಿದಳು. ಆಮೇಲೆ ತನ್ನ ಸೀರೆಯ ಸೆರಗನ್ನು ಕೈಯಲ್ಲಿ ಉಜ್ಜಿ ಉಜ್ಜಿ ಆ ಸದ್ದು ಕೇಳುತ್ತ ಕೂತಳು. ನಾನು ಹೊರಗೆ ಹೋಗಿ ಅತ್ತುಬಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಒಳ್ಳೆಯ ಅಣ್ಣನಾಗಿ ಉಳಿಯುತ್ತಿದ್ದೆ. ಆದರೆ ಆಳಂದಕ್ಕೆ ಬಂದವನೇ ಅದನ್ನು ನನ್ನ ಸೊತ್ತು ಮಾಡಿಕೊಂಡೆ. ಸ್ಟಾಫ್ ರೂಮಿನಲ್ಲಿ ಅದೇ ಮಾತು, ಚಹಾದಂಗಡಿಯಲ್ಲಿ ಅದೇ ಮಾತು. ಪೆನ್ನಿನ ಮುಚ್ಚಳಕ್ಕೆ ತಂತಿ ಸುತ್ತಿ ಒಂದು ಪುಟ್ಟ ಬಲ್ಬು ಕಟ್ಟಿದ್ದೆ. ಅದನ್ನು ಗುಂಡಿಯ ಹತ್ತಿರ ಹಿಡಿದರೆ ವೈರಿಲ್ಲದೆ ಮಿಣುಕುತ್ತಿತ್ತು. ತಂಗಿ ಮನೆಗೆ ಬಂದಾಗಲೆಲ್ಲ ಅವಳ ತಲೆಯಿಂದ ಗುಂಡಿ ಕಿತ್ತು ಬಂದವರಿಗೆ ಆ ಆಟ ತೋರಿಸುತ್ತಿದ್ದೆ. ಅಷ್ಟು ಹೊತ್ತು ಅವಳು ಏನೂ ಕೇಳಿಸದೆ ನಗುತ್ತ ಕೂತಿರುತ್ತಿದ್ದಳು. ಆಪರೇಷನ್ನಿನ ರಜೆ ಮುಗಿಸಿ ಅವಳು ಕೆಲಸಕ್ಕೆ ಮರಳುವಾಗ ಜೇವರ್ಗಿಯಿಂದ ಬರುವ ಮೇಲ್ವಿಚಾರಕಿಗೆ ಒಂದು ಪತ್ರ ಬರೆದುಕೊಟ್ಟವನೂ ನಾನೇ. ಈ ಯಂತ್ರದಿಂದ ಇವಳಿಗೆ ಎಲ್ಲ ಕೇಳಿಸುತ್ತದೆ, ಇದಕ್ಕೆ ಭೌತಶಾಸ್ತ್ರ ಉಪನ್ಯಾಸಕನಾದ ನಾನು ಖಾತ್ರಿ, ಎಂದು. ಮುದ್ರೆ ಒತ್ತುವುದೊಂದು ಬಾಕಿ.

ಒಂದು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ನನ್ನ ಮಗಳಿಗೆ ತಂಗಿಯ ಊರಿನದೇ ಒಂದು ಮನೆತನದಿಂದ ಸಂಬಂಧ ಬಂತು. ತೊಗರಿ ವ್ಯಾಪಾರದವರು, ಮರ್ಯಾದಸ್ಥರು. ತಂಗಿಯೇ ಮುಂದೆ ನಿಂತು ಕುದುರಿಸಿದಳು. ನಿಶ್ಚಯದ ದಿನ ಹುಡುಗಿಗೆ ಮೊದಲ ಉಡಿ ತುಂಬಬೇಕಾದವಳು ಸೋದರತ್ತೆ, ಅಂದರೆ ಇವಳು. ಬೀಗರ ಕಡೆಯ ಐವತ್ತು ಹೆಂಗಸರು ಸುತ್ತ ಕೂತು ನೋಡುತ್ತಾರೆ. ಇವಳು ಬಗ್ಗಿ ಅಕ್ಕಿ, ಬಳೆ, ಉತ್ತತ್ತಿ ಹಾಕುವಾಗ ತಲೆಯ ಮೇಲಿನ ಆ ಕರಿ ಗುಂಡಿ ಎಲ್ಲರ ಕಣ್ಣಿಗೆ ನೇರ ಬೀಳುತ್ತದೆ. ಶುಭಕಾರ್ಯದಲ್ಲಿ ಕರಿ ಬಣ್ಣ, ಅದೂ ಕಿವಿಯ ರೋಗದ ಗುರುತು. ಮಗಳಿಗೂ ಮನೆತನದ ಕಿವಿ ಇರಬಹುದು ಎಂದು ಅವರು ಅಂದುಕೊಂಡರೆ? ಯಾರೂ ಏನೂ ಅಂದಿರಲಿಲ್ಲ. ಎಲ್ಲ ನನ್ನ ತಲೆಯಲ್ಲೇ ಹುಟ್ಟಿ ನನ್ನ ತಲೆಯಲ್ಲೇ ಬೆಳೆಯಿತು. ಊರಿಗೆಲ್ಲ ಹೆಮ್ಮೆಯಿಂದ ತೋರಿಸಿದ ಅದೇ ಗುಂಡಿ ಬೀಗರ ಮುಂದೆ ನನಗೆ ಬೇಡವಾಯಿತು.

ಗುಂಡಿಯನ್ನು ಆಳಂದದ ಒಬ್ಬ ಪತ್ತಾರನ ಹತ್ತಿರ ಒಯ್ದೆ. ಇದಕ್ಕೊಂದು ಬೆಳ್ಳಿಯ ಹೊದಿಕೆ ಮಾಡಿಕೊಡು, ನೋಡಿದವರಿಗೆ ಕೂದಲಿಗೆ ಸಿಕ್ಕಿಸುವ ಒಡವೆಯಂತೆ ಕಾಣಬೇಕು ಅಂದೆ. ಅವನು ಗುಂಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸರ, ಕೆಳಗೂ ಬೆಳ್ಳಿ ಮುಚ್ಚಿದ್ರ ಇದರ ಕೆಲಸಕ್ಕ ಏನರ ಅಡ್ಡ ಆಗ್ತದೇನ್ರಿ?"

"ಬೆಳ್ಳಿಗಿ ಅಯಸ್ಕಾಂತ ಹತ್ತತದೇನು?"

"ಹತ್ತಂಗಿಲ್ರಿ."

"ಮತ್ತ? ಹತ್ತಂಗಿಲ್ಲ ಅಂದ್ರ ಅಡ್ಡನೂ ಬರಂಗಿಲ್ಲ. ನೀ ಮಾಡು."

ಅವನು ಮೇಲೆ ಸೇವಂತಿಗೆಯ ಎಸಳು ಕೊರೆದ. ಮೈಕಿಗೆ ಸದ್ದು ಹೋಗಲೆಂದು ಎಸಳಿನ ನಡುವೆ ತೂತು ಬಿಡಿಸಿದೆ, ಸೆಲ್ಲು ಬದಲಿಸಲು ಬದಿಯಲ್ಲಿ ಜಾಗ ಬಿಡಿಸಿದೆ. ತಲೆಗೆ ತಾಗುವ ಕಡೆ ಕೂದಲು ಸಿಕ್ಕಬಾರದೆಂದು ತೆಳ್ಳಗಿನ ಬೆಳ್ಳಿ ತಗಡು ಹಾಸಿ ಅಂಚನ್ನು ಗಟ್ಟಿಯಾಗಿ ಮಡಚಿದ. ಅದು ಕೈಯಿಂದ ಬಿಚ್ಚುವಂತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಗುಂಡಿ ಅವಳ ತಲೆಗೆ ಮೊದಲಿನ ಹಾಗೆ ಟಪ್ ಎಂದು ಅಂಟಿತು. ಅಯಸ್ಕಾಂತ ಹಿಡಿದಿದೆ ಎಂದರೆ ಎಲ್ಲ ಸರಿ ಎಂದುಕೊಂಡೆ.

ನಿಶ್ಚಯ ಚೆನ್ನಾಗಿ ನಡೆಯಿತು. ಹೆಂಗಸರು ಆ ಬೆಳ್ಳಿ ಹೂವನ್ನು ಹೊಗಳಿದರು. ಎಲ್ಲಿ ಮಾಡಿಸಿದ್ರಿ ಎಂದು ಬೀಗಿತಿ ಕೇಳಿದಾಗ ತಂಗಿ ಬೇರೆ ಏನೋ ಕೇಳಿದರೆಂದು ತಿಳಿದು ಹೂಂ ಅಂದಳು. ನಾನು ನಡುವೆ ಬಾಯಿ ಹಾಕಿ ಉತ್ತರ ಕೊಟ್ಟೆ. ಊಟವಾದ ಮೇಲೆ ಅವಳು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು.

"ಅಣ್ಣಾ, ಇದನ್ನ ಹಾಕ್ಕೊಂಡಾಗಿಂದ ಎಲ್ಲಾ ದೂರ ಆಗ್ಯಾದ. ಬಾವ್ಯಾಗ ನಿಂತು ಮಾತಾಡಿದಂಗ ಕೇಳ್ತದ."

ಇಲ್ಲಿ ನಾನು ಒಂದು ಕ್ಷಣ ಯೋಚಿಸಬಹುದಿತ್ತು. ಬದಲಿಗೆ ಅಡಿಗೆಯವರ ಸಾಮಾನಿನ ಪಟ್ಟಿಯ ಹಿಂದೆ ಚಿತ್ರ ಬಿಡಿಸಿ ಪಾಠ ಮಾಡಿದೆ. ಇದು ಮೇಲಿನ ಸುರುಳಿ, ಇದು ಕೆಳಗಿನದು, ಚರ್ಮ ಹೇಗೆ ಅಡ್ಡ ಬರುವುದಿಲ್ಲವೋ ಬೆಳ್ಳಿಯೂ ಹಾಗೇ ಅಡ್ಡ ಬರುವುದಿಲ್ಲ. ಗದ್ದಲದಲ್ಲಿ ಹಾಗನ್ನಿಸಿದೆ ನಿನಗೆ, ಅಂದೆ. ಮದುವೆ ಆಗುವವರೆಗೂ ತೆಗೆಯಬೇಡ, ಬೀಗರು ಅದೇ ಊರಲ್ಲಿದ್ದಾರೆ, ದಿನಾ ನೋಡುತ್ತಾರೆ. ಅವಳು ಚಿತ್ರವನ್ನು ನೋಡಿ ತಲೆಯಾಡಿಸಿದಳು. ನಾನು ಹೇಳಿದರೆ ಅವಳಿಗೆ ಅದೇ ಕೊನೆಯ ಮಾತು, ಚಿಕ್ಕಂದಿನಿಂದ ಹಾಗೇ.

ಆಮೇಲೆ ಅವಳು ಫೋನು ಮಾಡುವುದು ಕಡಿಮೆಯಾಯಿತು. ಮಾಡಿದರೂ ಗಂಡನೇ ಮಾತಾಡುತ್ತಿದ್ದ. ಒಮ್ಮೆ ಅವನು, "ಆಕಿ ಭಾಳ ಗಪ್ಪಾಗ್ಯಾಳ್ರಿ, ಮತ್ತ ತುಟಿ ನೋಡಾಕತ್ಯಾಳ," ಅಂದ. ಚಿಂತೆ ಮಾಡಬ್ಯಾಡ್ರಿ, ಮದುವೆ ಗಡಿಬಿಡಿ ಅಂದೆ. ಕಿವಿ ಮತ್ತೆ ಕೆಟ್ಟಿತು, ಒಳಗಿನ ಎಲುಬೂ ಹೋಯಿತು ಎಂದು ಅವಳು ಅಂದುಕೊಂಡಿದ್ದಳು. ಮದುವೆ ಮುಗಿಯುವವರೆಗೆ ನನಗೆ ಹೇಳಬಾರದೆಂದು ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳಂತೆ. ಇದು ನನಗೆ ಬಹಳ ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಅಂಗನವಾಡಿಯಲ್ಲಿ ಮೂರು ವರ್ಷದ ಒಂದು ಹುಡುಗಿ ಆಡುತ್ತ ಕಾಳಿನ ಕೋಣೆಯೊಳಗೆ ಹೋಯಿತು. ಬಾಗಿಲು ಬಿದ್ದು ಹೊರಗಿನ ಚಿಲಕ ಸಿಕ್ಕಿಕೊಂಡಿತು. ಕೂಸು ಕತ್ತಲಲ್ಲಿ ಚೀರಿ ಚೀರಿ ಅತ್ತಿದೆ. ತಂಗಿ ಮುಂದಿನ ಕೋಣೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಉಳಿದ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಹುಡುಗಿ ಇಲ್ಲದ್ದು ಕಂಡು ಗಾಬರಿಯಾಗಿ ಹೊರಗೆ ಓಡಿ ಬೀದಿಯೆಲ್ಲ ಹುಡುಕಿದಳು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಅಳು ಕೇಳಿ ಒಳಗೆ ಬಂದು ಚಿಲಕ ತೆಗೆದಳು. ಕೂಸಿಗೆ ಏನೂ ಆಗಿರಲಿಲ್ಲ, ದನಿ ಬಿದ್ದು ಹೋಗಿತ್ತು ಅಷ್ಟೆ. ಮರುದಿನದಿಂದ ಅಂಗನವಾಡಿಗೆ ಒಂದು ಮಗುವೂ ಬರಲಿಲ್ಲ.

ಮೇಲ್ವಿಚಾರಕಿ ನನ್ನನ್ನು ಕರೆಸಿದಳು. ಖಾತ್ರಿ ಕೊಟ್ಟವನು ನಾನಲ್ಲವೇ. ಅಂಗನವಾಡಿಯ ಚಾಪೆಯ ಮೇಲೆ ತಂಗಿಯೂ ಸೇರಿ ಮೂವರೂ ಕೂತೆವು. ಮೇಲ್ವಿಚಾರಕಿ ಒಳ್ಳೆಯ ಹೆಣ್ಣುಮಗಳು, ದನಿ ಏರಿಸಲಿಲ್ಲ.

"ಸರ, ಮಿಷಿನ್ ಕೆಟ್ಟದೋ, ಏನರೀ? ಕೆಟ್ಟಿದ್ರ ರಿಪೇರಿ ಮಾಡಿಸ್ರಿ, ನಾ ಕಾಯ್ತೇನಿ."

ನಾನು ಚೀಲದಿಂದ ಚಿಮಟ ತೆಗೆದೆ. ಬೆಳ್ಳಿಯ ಅಂಚು ಬಿಡಿಸಿ ಗುಂಡಿಯನ್ನು ಹೊರಗೆ ತೆಗೆದು, ಪೆನ್ನಿನ ಮುಚ್ಚಳದ ಬಲ್ಬು ಹಿಡಿದೆ. ಲಕಲಕ ಮಿಣುಕಿತು. ಅಲ್ಲೇ ಪಕ್ಕದಲ್ಲಿ ತಂಗಿ ಕೂತಿದ್ದಳು. ಬರಿ ಗುಂಡಿಯನ್ನು ಒಮ್ಮೆ ಅವಳ ತಲೆಗೆ ಹಚ್ಚಿ, ಕೇಳಿಸ್ತದೇನವಾ ಎಂದು ಕೇಳಿದ್ದರೆ ಸಾಕಿತ್ತು. ನಾನು ಬಲ್ಬನ್ನು ಕೇಳಿದೆ, ಅವಳನ್ನು ಕೇಳಲಿಲ್ಲ. ಗುಂಡಿಯನ್ನು ಮತ್ತೆ ಬೆಳ್ಳಿಯೊಳಗಿಟ್ಟು, ಅಂಚನ್ನು ಒತ್ತಿ ಒತ್ತಿ ಮಡಚಿದೆ. ಆಮೇಲೆ ಹೇಳಿದೆ.

"ಮಿಷಿನ್ ನೆಟ್ಟಗದರಿ. ಆಕಿದೇ ಲಕ್ಷ್ಯ ಇಲ್ಲ."

ತಂಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಏನು ಹೇಳಿದೆನೆಂದು ತಿಳಿಯಿತು. ಮುಖ ಕೆಂಪಾಯಿತು, ಆದರೆ ಇಲ್ಲ ಅನ್ನಲಿಲ್ಲ. ಮೇಲ್ವಿಚಾರಕಿ ಹಾಗೆಂದು ಬರೆದುಕೊಡಿ ಅಂದಳು, ಬರೆದುಕೊಟ್ಟೆ. ತಿಂಗಳ ಕೊನೆಗೆ ತಾಯಂದಿರ ಸಭೆ ಕರೆಯುತ್ತೇನೆ, ಅವರು ಮಕ್ಕಳನ್ನು ಕಳಿಸುವುದಿಲ್ಲ ಅಂದರೆ ಇವರನ್ನು ಇಟ್ಟುಕೊಳ್ಳುವುದು ನನ್ನಿಂದ ಆಗುವುದಿಲ್ಲ ಎಂದು ಹೇಳಿ ಆಕೆ ಎದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ತಂಗಿಯ ಮೇಲೆಯೇ ಸಿಟ್ಟು ಬಂದಿತ್ತು. ನನ್ನ ಹೆಸರು ಕೆಡಿಸಿದಳು ಎಂದು.

ಹತ್ತು ದಿನವಾದ ಮೇಲೆ ಕ್ಲಾಸಿನಲ್ಲಿ ಪ್ರತಿವರ್ಷ ಮಾಡುವ ಒಂದು ಪ್ರಯೋಗ ಮಾಡುತ್ತಿದ್ದೆ. ಒಂದು ಗೇಣುದ್ದ ತಾಮ್ರದ ಕೊಳವೆಯೊಳಗೆ ಅಯಸ್ಕಾಂತದ ತುಂಡು ಬಿಟ್ಟರೆ ಅದು ದೊಪ್ಪನೆ ಬೀಳುವುದಿಲ್ಲ, ತೂಕಡಿಸುತ್ತ ನಿಧಾನಕ್ಕೆ ಇಳಿಯುತ್ತದೆ. ಮಕ್ಕಳಿಗೆ ಅದು ಜಾದೂ. ನಾನು ಪ್ರತಿವರ್ಷದಂತೆ ಹೇಳುತ್ತಿದ್ದೆ: "ನೋಡ್ರಿ, ತಾಮ್ರಕ್ಕ ಅಯಸ್ಕಾಂತ ಹತ್ತಂಗಿಲ್ಲ. ಆದ್ರೂ ಅದು ತಡೀತದ. ಅಯಸ್ಕಾಂತದ ಬಲ ಬದಲಾದ್ರ ಲೋಹದಾಗ ಕರೆಂಟ್ ಸುತ್ತತದ, ಆ ಕರೆಂಟ್ ಬಂದ ಬಲಕ್ಕ ಎದುರ ನಿಲ್ತದ. ತಾಮ್ರಕ್ಕಿಂತ ಬೆಳ್ಳಿ ಇನ್ನೂ..." ಅಲ್ಲಿಗೆ ನಿಂತುಹೋದೆ. ಅಯಸ್ಕಾಂತ ಕೊಳವೆಯಿಂದ ಹೊರಬಂದು ಟೇಬಲ್ಲಿನ ಮೇಲೆ ಬಿತ್ತು. ಸುಮ್ಮನೆ ಅಂಟಿ ಕೂತ ಅಯಸ್ಕಾಂತಕ್ಕೆ ಬೆಳ್ಳಿಯಿಂದ ಏನೂ ತೊಂದರೆಯಿಲ್ಲ. ಆದರೆ ಒಳಗಿನ ಯಂತ್ರಕ್ಕೆ ಬಲ ಹೋಗುವುದು ಏರಿಳಿಯುವ ಕರೆಂಟಿನಿಂದ. ಅದನ್ನು ಆ ತೆಳ್ಳಗಿನ ತಗಡು ನುಂಗಿಹಾಕುತ್ತಿತ್ತು. ಇಪ್ಪತ್ತೆರಡು ವರ್ಷ ಈ ಕೊಳವೆ ಹಿಡಿದು ಇದೇ ಮಾತು ಹೇಳಿದವನು, ನನ್ನ ಕೈಯಾರೆ ತಂಗಿಯ ಕಿವಿ ಮುಚ್ಚಿದ್ದೆ. ಪಾಠ ಮುಂದುವರಿಸಲು ಆಗಲಿಲ್ಲ, ತಲೆನೋವು ಅಂದು ಕ್ಲಾಸು ಬಿಟ್ಟೆ.

ಮರುದಿನ ಮೊದಲ ಬಸ್ಸು ಹಿಡಿದು ತಂಗಿಯ ಊರಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಜೋಡಿಸಿಕೊಂಡಿದ್ದೆ. ಗಿರಣಿಯ ಮುಂದೆ ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳನ್ನು ಕಂಡೊಡನೆ ಜೋಡಿಸಿಕೊಂಡದ್ದನ್ನೆಲ್ಲ ಬಿಟ್ಟೆ. ಗುಂಡಿ ಕೊಡು, ಸ್ವಲ್ಪ ನೋಡುತ್ತೇನೆ ಎಂದು ಸನ್ನೆ ಮಾಡಿದೆ. ಚಿಮಟದಿಂದ ಬೆಳ್ಳಿ ಕಿತ್ತು ಜೇಬಿಗೆ ಹಾಕಿಕೊಂಡೆ. ಬರಿ ಗುಂಡಿಯನ್ನು ಅವಳೇ ತಲೆಗೆ ಹಚ್ಚಿಕೊಂಡಳು.

ಗಿರಣಿಯ ಬೆಲ್ಟಿನ ಸದ್ದಿಗೆ ಅವಳು ಬೆಚ್ಚಿಬಿದ್ದಳು. ಮೊರವನ್ನು ಕೆಳಗಿಟ್ಟು ಎರಡೂ ಕೈ ನೆಲಕ್ಕೂರಿದಳು.

"ಅಣ್ಣಾ, ಏನ್ ಮಾಡ್ದಿ?"

ಆಗ ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಒಳಗ ಒಂದ್ ಸೆಟ್ಟಿಂಗ್ ಜರದಿತ್ತು. ಸರಿ ಮಾಡ್ದೆ."

ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಕಿವಿ ಸತ್ತೇ ಹೋಯಿತು ಅಂದುಕೊಂಡಿದ್ದೆ, ನೀನು ಎರಡನೇ ಸಲ ಕಿವಿ ಕೊಟ್ಟಿ ಅಂದಳು. ಆ ಕಾಲನ್ನು ನಾನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಮಾಡಿಕೊಟ್ಟ ಶೇಂಗಾ ಹೋಳಿಗೆ ತಿಂದು, ಇನ್ನೆರಡು ಕಟ್ಟಿಸಿಕೊಂಡು ಊರಿಗೆ ಬಂದೆ. ಬೆಳ್ಳಿ ಮುಚ್ಚಿದ್ದಕ್ಕಿಂತ ನನಗೆ ಈಗಲೂ ಹೆಚ್ಚು ಚುಚ್ಚುವುದು ಆ ಹೋಳಿಗೆ.

ಸಭೆಯ ಹಿಂದಿನ ದಿನ ಅವಳ ಫೋನು ಬಂತು, ಅವಳದೇ ದನಿ. ಸಭೆಯಲ್ಲಿ ನಾನೇ ಎದ್ದು ತಪ್ಪು ಒಪ್ಪಿಕೊಳ್ಳುತ್ತೇನೆ, ನೀನು ಬರೆದುಕೊಟ್ಟದ್ದು ಸುಳ್ಳಾಗುವುದು ಬೇಡ, ಲಕ್ಷ್ಯವಿರಲಿಲ್ಲ ಎಂದು ಕೈಮುಗಿದು ಕ್ಷಮೆ ಕೇಳುತ್ತೇನೆ, ನೀನೂ ಬಾ ಅಣ್ಣಾ, ನೀನು ಪಕ್ಕದಲ್ಲಿದ್ದರೆ ಧೈರ್ಯ ಅಂದಳು. ಆಗಲಿ ಅಂದೆ.

ಅಂಗನವಾಡಿಯಲ್ಲಿ ಮೂವತ್ತು ಮಂದಿ ಹೆಂಗಸರು. ಮುಂದಿನ ಸಾಲಿನಲ್ಲಿ ನನ್ನ ಬೀಗಿತಿ. ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಹುಡುಗಿಯ ತಾಯಿ ಒಳಗೂ ಬರದೆ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಮೇಲ್ವಿಚಾರಕಿ ನಾಲ್ಕು ಮಾತಾಡಿ ತಂಗಿಯ ಕಡೆ ನೋಡಿದಳು. ತಂಗಿ ಎದ್ದು ಸೆರಗು ಹೊದ್ದು ಕೈ ಜೋಡಿಸಿದಳು.

"ತಾಯಿಗೋಳೇ, ಅವತ್ತು ತಪ್ಪು ನಂದೇ..."

ಅವಳ ಮಾತು ಮುಗಿಯಲು ಬಿಟ್ಟಿದ್ದರೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇದುವರೆಗೆ ಬಿಟ್ಟೇ ಬಂದಿದ್ದೆ. ಆ ಜೋಡಿಸಿದ ಕೈಗಳನ್ನು ನೋಡಲಾಗದೆ ಕೂತಲ್ಲಿಂದಲೇ, ಚಾಪೆ ನೋಡುತ್ತ ಹೇಳಿದೆ. ಆಕಿ ತಪ್ಪಲ್ಲರಿ, ನಂದು. ಆ ಬೆಳ್ಳಿ ನಾ ಮುಚ್ಚಿಸಿದ್ದು. ಅದರಿಂದ ಆಕಿಗಿ ಕೇಳಿಸಿಲ್ಲ. ಆಕಿ ಹೇಳಿದಳು, ನಾ ನಂಬಲಿಲ್ಲ. ಮೊನ್ನೆ ಗೊತ್ತಾದ ಮ್ಯಾಲೂ ಸುಳ್ಳ ಹೇಳಿದೆ. ಇಪ್ಪತ್ತೆರಡು ವರ್ಷ ಎಂಬತ್ತು ಹುಡುಗರಿಗೆ ಕೇಳುವ ಹಾಗೆ ಪಾಠ ಮಾಡಿದ ದನಿ ಅವತ್ತು ನನ್ನ ಮೊಣಕಾಲಿಗೆ ಮಾತ್ರ ಕೇಳಿಸುವಷ್ಟಿತ್ತು. ಏನಂದ್ರು, ಏನಂದ್ರು ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳಿದರು.

ತಂಗಿಗೆ ಕೇಳಿಸಿತ್ತು. ಪ್ರತಿ ಅಕ್ಷರವೂ. ಜೋಡಿಸಿದ ಕೈಗಳನ್ನು ನಿಧಾನಕ್ಕೆ ಕೆಳಗಿಳಿಸಿ ನನ್ನ ಕಡೆ ತಿರುಗಿದಳು. ಅಳಲಿಲ್ಲ, ಬೈಯಲೂ ಇಲ್ಲ. ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು.

"ಎದ್ದು ನಿಂತು ಹೇಳಣ್ಣಾ. ಬಾಗಿಲಾಗ ನಿಂತಾಕಿಗಿ ಕೇಳ್ಸಿಲ್ಲ. ಜೋರ್ ಹೇಳು."

ಎದ್ದು ನಿಂತೆ. ಬೀಗಿತಿಯ ಮುಂದೆ, ಮೇಲ್ವಿಚಾರಕಿಯ ಮುಂದೆ, ಮೊದಲಿಂದ ಕೊನೆಯವರೆಗೆ ಜೋರಾಗಿ ಹೇಳಿದೆ. ಶಾಲೆಯಲ್ಲಿ ಓಣಿಯವಳು ಅನ್ನುತ್ತಿದ್ದೆನಲ್ಲ, ಅದನ್ನೂ ಯಾಕೋ ಹೇಳಿಬಿಟ್ಟೆ. ಮುಗಿದ ಮೇಲೆ ಬಾಗಿಲಲ್ಲಿದ್ದ ತಾಯಿ ಕಂಕುಳಿಂದ ಕೂಸನ್ನು ಇಳಿಸಿ, "ಹೋಗವಾ, ಅಕ್ಕೋರ ಹಂತೇಲಿ ಕೂಡು," ಅಂದಳು. ಹುಡುಗಿ ಹೆಂಗಸರ ಮೊಣಕಾಲು ದಾಟುತ್ತ ಬಂದು ತಂಗಿಯ ತೊಡೆ ಏರಿ ಕೂತಿತು, ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿತು. ತಂಗಿ ತಲೆ ಬಗ್ಗಿಸಿ ಕೇಳಿಸಿಕೊಂಡು ಹೂಂ ಅಂದಳು. ನನಗೆ ಕೂಡು ಎಂದು ಯಾರೂ ಹೇಳಲಿಲ್ಲ, ಸಭೆ ಮುಗಿಯುವವರೆಗೆ ನಿಂತೇ ಇದ್ದೆ.